ಹದಿನಾರರಲ್ಲಿ ಎಂಟು

ನೌಫಲ್ ಬೆಳಿಗ್ಗೆ ಅಂಗಡಿ ತೆರೆಯಲು ಬಂದಾಗ ಷಟರಿನ ಮೇಲಿನ ಕೆಂಪು ಬರಹ ಆಗಲೇ ಒಣಗಿತ್ತು. ‘ಕುಲದ ಮುಂದೆ ಉತ್ತರ ಹೇಳಬೇಕಾದವನು. ತೆರೆಯಕೂಡದು.’ ಅಷ್ಟೇ. ಬರೆದವನಿಗೆ ಬಹಳ ಅವಸರವಿದ್ದಿರಬೇಕು, ಬಣ್ಣ ಬೀಗದ ಮೇಲೂ ಚೆಲ್ಲಿತ್ತು. ಬಾಗ್ದಾದಿನಲ್ಲಿ ಕಂಪ್ಯೂಟರ್ ಅಂಗಡಿಗಳೇ ತುಂಬಿದ ಸಿನಾಅ ಬೀದಿಯಲ್ಲಿ ಇಂಥ ಬರಹ ಕಂಡವರು ಏನಾಯಿತು ಎಂದು ಕೇಳಲು ನಿಲ್ಲುವುದಿಲ್ಲ, ತಲೆ ತಗ್ಗಿಸಿಕೊಂಡು ಎದುರಿನ ಫುಟ್‌ಪಾತಿಗೆ ದಾಟಿಬಿಡುತ್ತಾರೆ. ಯಾರೋ ಯಾರಿಗೋ ಅನ್ಯಾಯ ಮಾಡಿದ್ದಾರೆ, ಎರಡೂ ಕಡೆಯ ಹಿರಿಯರು ಕೂತು ತೀರ್ಮಾನ ಮಾಡುವವರೆಗೆ ಈ ಬಾಗಿಲು ಮುಚ್ಚಿರಬೇಕು ಎಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಪಕ್ಕದ ಪ್ರಿಂಟರ್ ಇಂಕಿನ ಅಂಗಡಿಯವನು ಮಾತ್ರ ಹತ್ತಿರ ಬಂದ. ಬಂದವನು ಬರಹದ ಕಡೆ ನೋಡದೆ ನೌಫಲನ ಕೈಯಲ್ಲಿದ್ದ ಬೀಗದ ಕೈಯನ್ನೇ ನೋಡಿದ.

“ಅದನ್ನ ಜೇಬಿಗೆ ಹಾಕ್ಕೋ ಮಾರಾಯ. ತೆಗೆದ್ರೆ ಅದೂ ಒಂದು ತಪ್ಪು ಅಂತ ಸೇರಿಸ್ತಾರೆ. ಯಾರ ತಂಟೆಗೆ ಹೋಗಿದ್ದೆ?”

“ನಾನ್ಯಾರ ತಂಟೆಗೆ ಹೋಗಲಿ? ಬರೆದಿದ್ದು ಯಾರು ಅಂತಾನೂ ಗೊತ್ತಿಲ್ಲ ಕಣಯ್ಯ.”

“ಗೊತ್ತಾಗತ್ತೆ ಬಿಡು. ಬರೆದವ್ರು ಹೇಳದೆ ಇರಲ್ಲ.”

ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ತುಅಮಾ ಫೋನು ಮಾಡಿದ. ನೌಫಲನ ಕಡೆಯವರಿಗೆಲ್ಲ ತುಅಮಾನೇ ಹಿರಿಯ. ದಕ್ಷಿಣದ ಜವುಗಿನಲ್ಲಿ ಎಮ್ಮೆ ಸಾಕಿ ಬೆಳೆದವನು, ಕಂಪ್ಯೂಟರೆಂದರೆ ಟೀವಿಯ ತಮ್ಮ ಎಂದುಕೊಂಡವನು.

“ರ‍್ಯಾಮು ಅಂದ್ರೆ ಏನೋ ಅದು?” ಎಂದು ಕೇಳಿದ. “ಅದನ್ನ ನೀನು ಅರ್ಧ ಹಾಕಿ ಅರ್ಧ ನುಂಗಿದೀಯಂತೆ. ಗದ್ಬಾನ್ ಹಾಜಿ ಕಡೆಯವರು ಹೇಳಿ ಕಳಿಸಿದಾರೆ. ಸತ್ತವನ ಸಾಮಾನಿನಲ್ಲಿ ಕೈಚಳಕ ತೋರಿಸಿದ ಅಂತ ಊರೆಲ್ಲ ಆಡ್ಕೊಳ್ತಿದೆ. ಎಮ್ಮೆ ವಿಷಯ ಆಗಿದ್ರೆ ಹಲ್ಲು ನೋಡಿ ನಾನೇ ಹೇಳಿಬಿಡ್ತಿದ್ದೆ. ಇದಕ್ಕೇನು ಹೇಳಲಿ? ನಿಜ ಹೇಳು, ಮಾಡಿದೀಯಾ?”

“ಇಲ್ಲ ಚಿಕ್ಕಪ್ಪ.”

“ಸರಿ. ಇನ್ನೊಂದು ಸಲ ಕೇಳಲ್ಲ.”

ನೌಫಲನಿಗೆ ಕೋಪಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಗದ್ಬಾನ್ ಹಾಜಿಯನ್ನು ಅವನು ಮರೆಯುವಂತೆಯೇ ಇರಲಿಲ್ಲ.

ಹಾಜಿ ಜಮೀಲಾ ಪೇಟೆಯಲ್ಲಿ ಸಗಟು ಅಕ್ಕಿಯ ವ್ಯಾಪಾರ ಮಾಡುವ ಭಾರಿ ಆಳು. ಈದ್ ಹಬ್ಬ ಕಳೆದ ಮೇಲೆ ಒಂದು ದಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಬಂದಿದ್ದ. ಮೇಜಿನ ಮೇಲೆ ಇಟ್ಟ ಮೇಲೂ ಕೈ ತೆಗೆಯಲಿಲ್ಲ.

“ಮಗಂದು. ಸರ್ಮದ್ ಅಂತ. ಇಲ್ಲೇ ಎದುರುಗಡೆ ವಿಶ್ವವಿದ್ಯಾಲಯದಲ್ಲಿ ಕಟ್ಟಡದ ವಿದ್ಯೆ ಓದ್ತಿದ್ದ. ಕೂತ್ ಪಟ್ಟಣದ ರಸ್ತೇಲಿ ಕಾರು ಮಗುಚಿ ಹೋಗ್ಬಿಟ್ಟ.”

ನೌಫಲ್ ಎದೆಯ ಮೇಲೆ ಕೈಯಿಟ್ಟು ಹೇಳಬೇಕಾದ ಮಾತು ಹೇಳಿದ. ಹಾಜಿ ತಲೆ ಆಡಿಸಿದ. ಇಂಥ ಮಾತು ಕೇಳಿ ಕೇಳಿ ಆ ಮುಖಕ್ಕೆ ಸಾಕಾಗಿತ್ತು.

“ಕೊನೆಯ ವರ್ಷ ಏನೋ ಒಂದು ದೊಡ್ಡ ನಕ್ಷೆ ಮಾಡ್ತಿದ್ದ. ಏನೋ ಅದು ಅಂತ ಕೇಳಿದ್ರೆ, ಮುಗೀಲಿ ಅಪ್ಪ, ತೋರಿಸ್ತೀನಿ ಅಂತಿದ್ದ. ಈಗ ತೆಗೆಯೋಕೆ ಹೋದ್ರೆ ಮೆಮೊರಿ ಸಾಲಲ್ಲ ಅಂತ ಬರೆದು ಮುಚ್ಕೊಂಡುಬಿಡತ್ತೆ. ಕೊನೆ ಕೊನೆಗೆ ಅವನಿಗೂ ಹಾಗೇ ಕಾಟ ಕೊಡ್ತಿತ್ತಂತೆ. ಹಬ್ಬ ಆಗ್ಲಿ, ಹಾಕಿಸ್ತೀನಿ ಅಂದಿದ್ದ. ಹಬ್ಬಕ್ಕೆ ಅವನೇ ಇರಲಿಲ್ಲ. ನೀನು ಹಾಕು. ನಾನು ಅದನ್ನ ನೋಡ್ಬೇಕು.”

ಪೆಟ್ಟಿಗೆಯಲ್ಲಿ ಎಂಟು ಜೀಬಿ ಇತ್ತು. ನೌಫಲ್ ಪಕ್ಕದ ಖಾಲಿ ಜಾಗಗಳಲ್ಲಿ ನಾಲ್ಕು ನಾಲ್ಕರ ಎರಡು ಸ್ಟಿಕ್ಕು, ಹೊಸದಾಗಿ ಇನ್ನೆಂಟು, ಕೂರಿಸಿದ. ಸಾಮಾನ್ಯವಾಗಿ ಅವನು ಯಂತ್ರವನ್ನು ಪೂರ್ತಿ ಎಬ್ಬಿಸಿ, ಒಳಗೆ ಹೋಗಿ, ಎಲ್ಲ ಸರಿಯಿದೆಯೇ ಎಂದು ನೋಡಿಯೇ ಕೊಡುವವನು. ಅವನ ಅಂಗಡಿಗೆ ಹೆಸರು ಬಂದಿದ್ದೇ ಅದರಿಂದ. ಆದರೆ ಅಂದು ಅವನ ಬೆರಳು ಕೀಬೋರ್ಡಿನ ಕಡೆ ಹೋದಾಗ ಹಾಜಿ ತಡೆದ.

“ಒಳಗೆ ಹೋಗ್ಬೇಡಪ್ಪ. ಅವನ ಸಾಮಾನೆಲ್ಲ ಇದೆ ಅಲ್ಲಿ. ಅವನ ತಾಯಿ ಇನ್ನೂ ಅವನ ಕೋಣೆಗೇ ಕಾಲಿಟ್ಟಿಲ್ಲ.”

ಇದಕ್ಕೆ ಯಾರು ತಾನೇ ಎದುರಾಡುತ್ತಾರೆ? ಯಂತ್ರ ಕಣ್ಣು ಬಿಡುವಾಗ ಮೊದಲು ಕಾಣುವ ಕಪ್ಪು ಪರದೆಯಲ್ಲೇ ನಿಲ್ಲಿಸಿ, ಹದಿನಾರು ಎಂಬ ಅಂಕಿಯನ್ನು ಹಾಜಿಗೆ ತೋರಿಸಿ, ಮತ್ತೆ ಕಂಬಳಿ ಸುತ್ತಿ ಕೊಟ್ಟ. ಹಾಜಿ ಅವನ ಹಣೆಗೆ ಮುತ್ತಿಟ್ಟು ಹೋಗಿದ್ದ. ಮನೆಗೆ ಹೋಗಿ ಒಳಗೆ ನೋಡಿದರೆ ಏನಿತ್ತು ಎಂಬುದನ್ನು ಈಗ ಚಿಕ್ಕಪ್ಪ ಹೇಳಿದ್ದ. ‘ಅಳವಡಿಸಿದ್ದು ಹದಿನಾರು, ಬಳಸಲು ಸಿಗುವುದು ಎಂಟು.’ ನಕ್ಷೆ ಎಂದಿನ ಹಾಗೆ ಅರ್ಧಕ್ಕೆ ಮುಚ್ಚಿಕೊಂಡಿತ್ತು. ಹಾಜಿಯ ಅಣ್ಣನ ಮಗ ವಿಸಾಮ್, ಕಂಪ್ಯೂಟರು ಗಿಂಪ್ಯೂಟರು ಅಲ್ಪ ಸ್ವಲ್ಪ ತಿಳಿದವನು, ಬಾಯಿ ಮಾತ್ರ ದೊಡ್ಡದು, ಅದನ್ನು ನೋಡಿ ತೀರ್ಪು ಕೊಟ್ಟೇಬಿಟ್ಟಿದ್ದ: ನೌಫಲ್ ಸತ್ತ ರ‍್ಯಾಮ್ ತುಂಬಿ ಕಳಿಸಿದ್ದಾನೆ, ಮಗನನ್ನು ಕಳೆದುಕೊಂಡ ಮುದುಕನಿಗೆ ಟೋಪಿ ಹಾಕಿದ್ದಾನೆ.

ಸಯ್ಯದ್ ನೂರಿ ಎಂಬ ಹಿರಿಯರು ಎರಡೂ ಕಡೆಗೆ ಬೇಕಾದವರು. ಅವರು ನಡುವೆ ಬಂದು, ಶುಕ್ರವಾರ ಮಧ್ಯಾಹ್ನದ ನಮಾಜಾದ ಮೇಲೆ ಹಾಜಿಯ ಮನೆಯಲ್ಲಿ ಕೂಟ ಎಂದು ಗೊತ್ತು ಮಾಡಿದರು. ಅಲ್ಲಿಯವರೆಗೆ ಯಾರೂ ಯಾರ ಮೈಮೇಲೂ ಹೋಗಕೂಡದು. ಅಲ್ಲಿಯವರೆಗೆ ನೌಫಲ್ ಮನೆಯಲ್ಲಿ ಕೂತ. ರಿಪೇರಿಗೆ ಕೊಟ್ಟವರು ಒಬ್ಬೊಬ್ಬರಾಗಿ ಫೋನು ಮಾಡಿ, “ಅವಸರ ಏನಿಲ್ಲ ನೌಫಲ್, ಸುಮ್ನೆ ವಾಪಸ್ ತಗೊಂಡು ಹೋಗೋಣ ಅಂತ” ಎಂದರು. ಸುಮ್ಮನೆಯಂತೆ! ವರ್ಷಗಟ್ಟಲೆ ಅವನ ಕೈಯಲ್ಲಿ ಕಣ್ಣು ಮುಚ್ಚಿ ಯಂತ್ರ ಕೊಟ್ಟು ಹೋದವರು. ಆ ಬೀದಿಯಲ್ಲಿ ಒಂದು ಸಲ ಕಳ್ಳ ಅನ್ನಿಸಿಕೊಂಡವನು ಮತ್ತೆ ಷಟರ್ ಎತ್ತಿದರೂ ಒಳಗೆ ಬರುವವರು ಇರುವುದಿಲ್ಲ. ಕೂಟದಲ್ಲಿ ತಪ್ಪು ತನ್ನ ತಲೆಗೆ ಬಂದರೆ ಈ ಕಸುಬು ಇಲ್ಲಿಗೆ ಮುಗಿಯಿತು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ.

ಶುಕ್ರವಾರ ಹಾಜಿಯ ದಿವಾನಖಾನೆಯಲ್ಲಿ ಗೋಡೆಯುದ್ದಕ್ಕೂ ಜನ. ಒಂದು ಬದಿಗೆ ಹಾಜಿಯ ಕುಲದವರು, ಎದುರಿಗೆ ನೌಫಲನ ಕಡೆಯವರು, ನಡುವೆ ಸಯ್ಯದ್ ನೂರಿ. ಹಾಜಿ ಯಾರ ಮುಖವನ್ನೂ ನೋಡದೆ ಜಪಮಣಿ ಎಣಿಸುತ್ತ ಕೂತಿದ್ದ. ಗೋಡೆಯ ಮೇಲೆ ಸರ್ಮದನ ಫೋಟೋ, ಮೂಲೆಗೆ ಕಪ್ಪು ಪಟ್ಟಿ. ತೆಳ್ಳಗಿನ ಹುಡುಗ, ಫೋಟೋ ತೆಗೆಯುವವನು ಏನೋ ತಮಾಷೆ ಹೇಳಿದ್ದಿರಬೇಕು, ನಗು ತಡೆದುಕೊಂಡ ಮುಖ.

ಕಹಿ ಕಾಫಿ ಬಂತು. ತುಅಮಾ ಬಟ್ಟಲನ್ನು ತೆಗೆದುಕೊಂಡು ಕುಡಿಯದೆ ನೆಲದ ಮೇಲಿಟ್ಟ. ಹಾಗಿಟ್ಟರೆ ಬೇಡಿಕೆಯೊಂದಿದೆ, ಅದು ಈಡೇರುವವರೆಗೆ ನಿಮ್ಮ ಮನೆಯ ಕಾಫಿ ಮುಟ್ಟೆವು ಎಂದರ್ಥ.

“ಕುಡೀರಿ ಹಿರಿಯರೇ, ಏನು ಬೇಕೋ ಕೇಳಿ,” ಎಂದ ಹಾಜಿ.

“ಅಬು ಸರ್ಮದ್, ನಾವು ಕ್ಷಮೆ ಕೇಳೋಕೆ ಬಂದಿಲ್ಲ, ಜಗಳಕ್ಕೂ ಬಂದಿಲ್ಲ. ನಮ್ಮ ಹುಡುಗ ಆ ಯಂತ್ರವನ್ನ ಎಲ್ಲರ ಮುಂದೆ ಬಿಚ್ಚಿ ನೋಡ್ತಾನೆ. ಈ ಸಲ ಒಳಗೂ ಹೋಗ್ತಾನೆ. ತಪ್ಪು ಅವನದಾಗಿದ್ರೆ ನೀವು ಹೇಳಿದ ದಂಡಕ್ಕೆ ನಾನು ತಲೆ ಬಾಗಿಸ್ತೀನಿ. ಇಷ್ಟೇ ಬೇಡಿಕೆ.”

ಅಬು ಸರ್ಮದ್, ಸರ್ಮದನ ಅಪ್ಪ. ಮಗ ಹುಟ್ಟಿದ ದಿನದಿಂದ ಹಾಜಿಯನ್ನು ಊರೆಲ್ಲ ಕರೆಯುತ್ತಿದ್ದುದು ಹಾಗೆಯೇ. ಮಗ ಹೋದ ಮೇಲೂ ಬೇರೆ ಏನೆಂದು ಕರೆಯುವುದು? ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಹಾಜಿಯ ಬೆರಳು ಜಪಮಣಿಯ ಮೇಲೆ ಒಂದು ಕ್ಷಣ ನಿಲ್ಲುವುದನ್ನು ನೌಫಲ್ ಗಮನಿಸಿದ.

“ಒಳಗಾ?” ಎಂದ ಹಾಜಿ. ಗೋಡೆಯ ಮೇಲಿನ ಫೋಟೋ ನೋಡಿದ. ಆಮೇಲೆ, “ಆಗ್ಲಿ. ಕುಡೀರಿ,” ಎಂದ. ತುಅಮಾ ಕಾಫಿ ಕುಡಿದ.

ಯಂತ್ರವನ್ನು ತಂದು ನಡುವೆ ಇಟ್ಟರು. ನೌಫಲ್ ಮಂಡಿಯೂರಿ ಕೂತು, ವೈರು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ತೆಗೆದ. ರ‍್ಯಾಮ್ ಸ್ಟಿಕ್ಕುಗಳನ್ನೆಲ್ಲ ಹೊರಗೆ ತೆಗೆದು, ಶಾಲೆಯ ಮಕ್ಕಳ ರಬ್ಬರಿನಿಂದ ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ಒಂದೊಂದಾಗಿ ಉಜ್ಜಿದ. ಕೂರಿಸುವ ಸಂದುಗಳಿಗೆ ಬ್ರಷ್ಷು ಆಡಿಸಿದ.

“ರಬ್ಬರಿನಲ್ಲಿ ಕಳ್ಳತನ ಅಳಿಸಿ ಹೋಗತ್ತಾ?” ಎಂದ ವಿಸಾಮ್.

“ಹೋಗಲ್ಲ. ಹೋಗೋ ಹಾಗಿದ್ರೆ ನಿನ್ನ ನಾಲಿಗೆಗೂ ಸ್ವಲ್ಪ ಹಚ್ತಿದ್ದೆ,” ಎಂದ ತುಅಮಾ. ಹಾಜಿಯ ಕಡೆಯವರಲ್ಲೇ ಒಂದಿಬ್ಬರು ಮೀಸೆಯಡಿ ನಕ್ಕರು. ಸಯ್ಯದ್ ನೂರಿ ಕೈ ಎತ್ತಿದ ಮೇಲೆ ನಗು ನಿಂತಿತು.

ನೌಫಲ್ ಹೊಸ ಸ್ಟಿಕ್ಕುಗಳಲ್ಲಿ ಒಂದನ್ನು ಮಾತ್ರ ಕೂರಿಸಿ ಯಂತ್ರ ಎಬ್ಬಿಸಿದ. ಎದ್ದಿತು. ಅದನ್ನು ತೆಗೆದು ಇನ್ನೊಂದನ್ನು ಕೂರಿಸಿದ. ಅದೂ ಎದ್ದಿತು. ಸಂದು ಬದಲಿಸಿ ನೋಡಿದ. ಹಳೆಯವು, ಹೊಸವು, ಯಾವುದನ್ನು ಎಲ್ಲಿ ಹಾಕಿದರೂ ಯಂತ್ರ ಗುರುತು ಹಿಡಿಯಿತು. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಕಪ್ಪು ಪರದೆಯ ಮೇಲೆ ಹದಿನಾರು ಎಂದೇ ಬಂತು. ಸಯ್ಯದ್ ನೂರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಹದಿನಾರು, ನಾನು ಸಾಕ್ಷಿ,” ಎಂದರು.

“ಹೊರಗೆ ಹದಿನಾರು ಬರತ್ತೆ ಸಯ್ಯದರೇ, ಯಾರು ಇಲ್ಲ ಅಂದ್ರು? ಒಳಗೆ ಹೋಗಿ ನೋಡಿ!” ಎಂದ ವಿಸಾಮ್.

ಒಳಗೆ ಹೋಗಲು ಗುಪ್ತಪದ ಬೇಕು. ಹಾಜಿ ಎದ್ದು ಬಂದು ಭಾರವಾಗಿ ನೆಲದ ಮೇಲೆ ಕೂತ. ತನ್ನ ಬೆನ್ನಿನಿಂದ ಎಲ್ಲರಿಗೂ ಮರೆ ಮಾಡಿ, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದ. ನೌಫಲ್ ಮುಖ ತಿರುಗಿಸಿಕೊಂಡ. ಪರದೆ ತೆರೆದಾಗಲೂ ಅವನು ಆ ಹುಡುಗನ ಫೋಟೋ, ಹಾಡು, ಕಾಗದಗಳ ಕಡೆ ಕಣ್ಣು ಹಾಯಿಸದೆ ನೆಟ್ಟಗೆ ಯಂತ್ರದ ವಿವರದ ಪುಟಕ್ಕೆ ಹೋದ.

ಅಳವಡಿಸಿದ್ದು ಹದಿನಾರು. ಬಳಸಲು ಸಿಗುವುದು ಎಂಟು.

“ನೋಡಿದ್ರಾ!” ವಿಸಾಮ್ ಎದ್ದೇ ನಿಂತ. “ನಾನೇನು ಸುಳ್ಳು ಹೇಳಿದ್ನಾ? ಇವನು ಹಾಕಿದ ಎಂಟೂ ದಂಡ! ಸತ್ತವನ ಸಾಮಾನಿನಲ್ಲಿ!”

ನೌಫಲನ ಕಡೆಯವರು ತಲೆ ತಗ್ಗಿಸಿದರು. ತುಅಮಾನ ಮುಖ ಸಣ್ಣದಾಯಿತು. ನೌಫಲ್ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಸ್ಟಿಕ್ಕುಗಳು ಗಟ್ಟಿಯಾಗಿವೆ, ಸಂದುಗಳು ಸರಿಯಾಗಿವೆ, ಯಂತ್ರಕ್ಕೆ ಹದಿನಾರೂ ಕಾಣುತ್ತಿದೆ. ಕಂಡೂ ಅದು ಮುಟ್ಟುತ್ತಿಲ್ಲ. ಹಾಗಾದರೆ ಮುಟ್ಟಬೇಡ ಎಂದು ಯಾರೋ ಹೇಳಿರಬೇಕು. ಅವನಿಗೆ ಥಟ್ಟನೆ ಹೊಳೆಯಿತು. ಯಂತ್ರ ಏಳುವಾಗ ಪಾಲಿಸಬೇಕಾದ ಕಟ್ಟಳೆಗಳ ಪುಟವೊಂದಿದೆ, ಅದನ್ನು ತೆರೆದ. ಅಲ್ಲಿ ‘ಗರಿಷ್ಠ ಮೆಮೊರಿ’ ಎಂಬ ಚೌಕದೊಳಗೆ ಸರಿ ಗುರುತು ಬಿದ್ದಿತ್ತು. ಮುಂದೆ ಎಂಟು ಎಂಬ ಲೆಕ್ಕ.

ಅಯ್ಯೋ ಮಗುವೇ, ಎಂದುಕೊಂಡ ನೌಫಲ್.

ಅವನಿಗೆ ಈ ಗುರುತು ಹೊಸದಲ್ಲ. ಎದುರಿನ ವಿಶ್ವವಿದ್ಯಾಲಯದ ಹುಡುಗರ ಪೈಕಿ ಎಷ್ಟೋ ಜನ ಮಾಡಿಕೊಂಡು ಬರುತ್ತಿದ್ದ ತಪ್ಪು ಇದು. ನಿಧಾನವಾದ ಯಂತ್ರವನ್ನು ಕುದುರೆಯ ಹಾಗೆ ಓಡಿಸುವ ಉಪಾಯ ಎಂದು ಯಾವನೋ ವಿಡಿಯೋದಲ್ಲಿ ಹೇಳಿದ್ದ, ಎಲ್ಲರೂ ನಂಬಿದ್ದರು. ಗರಿಷ್ಠ ಎಂದು ಗುರುತು ಹಾಕಿದರೆ ಇರುವ ಶಕ್ತಿಯನ್ನೆಲ್ಲ ಯಂತ್ರ ಧಾರೆಯೆರೆಯುತ್ತದೆ ಎಂದು ಹುಡುಗರ ಲೆಕ್ಕಾಚಾರ. ಆ ಗುರುತು ಶಕ್ತಿಯನ್ನೇನೂ ಕೊಡುವುದಿಲ್ಲ, ಇಷ್ಟರ ಮೇಲೆ ಹೋಗಬೇಡ ಎಂದು ಬೇಲಿ ಹಾಕುತ್ತದೆ. ಅಂಗಡಿಯಲ್ಲಾಗಿದ್ದರೆ ನೌಫಲ್ ಹುಡುಗರ ತಲೆಗೊಂದು ಮೊಟಕಿ, ಗುರುತು ತೆಗೆದು, ಚಹಾ ಕುಡಿಸಿ ಕಳಿಸುತ್ತಿದ್ದ.

ಇಲ್ಲಿ ಯಾರ ತಲೆಗೆ ಮೊಟಕುವುದು? ಲೆಕ್ಕ ಎಂಟು ಎಂದಿರುವುದರಿಂದ ಗುರುತು ಬಿದ್ದದ್ದು ಯಂತ್ರದಲ್ಲಿ ಎಂಟೇ ಇದ್ದ ದಿನಗಳಲ್ಲಿ, ಆಗ ಇದರ ಮುಂದೆ ಕೂರುತ್ತಿದ್ದವನು ಆ ಹುಡುಗ ಒಬ್ಬನೇ. ಗೋಡೆಯ ಮೇಲೆ ಅವನು ನಗು ತಡೆದುಕೊಂಡು ನಿಂತಿದ್ದಾನೆ. ಕೆಳಗೆ ಅವನ ಅಪ್ಪ ಕೂತಿದ್ದಾನೆ. ಇಡೀ ಕುಲ ನೋಡುತ್ತಿದೆ. ತಪ್ಪು ನನ್ನದಲ್ಲ, ನಿಮ್ಮ ಸತ್ತ ಮಗನದು ಎಂದು ಇವರೆಲ್ಲರ ಮುಂದೆ ಯಾವ ಬಾಯಲ್ಲಿ ಹೇಳುವುದು? ಹೇಳದೆ ಹೋದರೆ ಅಂಗಡಿ ಹೋಯಿತು.

“ಏನಾಯ್ತಪ್ಪ? ದೋಷ ಎಲ್ಲಿದೆ?” ಎಂದು ಸಯ್ಯದ್ ನೂರಿ ಕೇಳಿದರು.

ನೌಫಲ್ ನೆಲದ ಮೇಲಿದ್ದ ಬ್ರಷ್ಷಿನ ಕಡೆ ನೋಡಿದ. ಆಗ ಅವನಿಗೆ ಒಂದು ಸುಳ್ಳು ಸಿಕ್ಕಿತು. ಯಾರಿಗೂ ನೋವಾಗದ, ಬಾಗ್ದಾದಿನಲ್ಲಿ ಯಾರು ಬೇಕಾದರೂ ನಂಬುವ ಸುಳ್ಳು.

“ಧೂಳು,” ಎಂದ. “ಧೂಳು ಕೂತಿತ್ತು ಸಯ್ಯದರೇ. ಕೊಡುವಾಗಲೇ ನಾನು ನೋಡ್ಬೇಕಿತ್ತು. ಇನ್ನೊಂದು ಸಲ ಎಬ್ಬಿಸಿದ್ರೆ ಸರಿಹೋಗತ್ತೆ. ನನ್ನ ಅಜಾಗರೂಕತೆ.”

ಸಭೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ಕಳ್ಳತನವಲ್ಲ, ಅಜಾಗರೂಕತೆ. ಒಂದಿಷ್ಟು ದಂಡ, ಒಂದು ಕ್ಷಮೆ, ಆಮೇಲೆ ಊಟ. ಸಯ್ಯದ್ ನೂರಿ ಗಡ್ಡ ನೀವಿಕೊಂಡು, “ಧೂಳಿನ ಮೇಲೆ ಯಾರು ತಾನೇ ಸಿಟ್ಟು ಮಾಡೋದು? ಈ ಊರಲ್ಲಿ ನಾವು ತಿನ್ನೋದೇ ಅದನ್ನ,” ಎಂದು ಹಗುರ ಮಾಡಲು ನೋಡಿದರು. ತುಅಮಾ ಮಾತ್ರ ಹಲ್ಲು ಕಚ್ಚಿ, “ಥೂ, ಮುಠ್ಠಾಳ” ಎಂದು ನೌಫಲನಿಗಷ್ಟೇ ಕೇಳುವಂತೆ ಬೈದ. ಅಜಾಗರೂಕ ಎಂದು ತಾನೇ ಒಪ್ಪಿಕೊಂಡವನ ಅಂಗಡಿಗೆ ನಾಳೆ ಯಾರು ಬರುತ್ತಾರೆ ಎಂಬುದು ಎಮ್ಮೆ ಸಾಕಿದವನಿಗೂ ಗೊತ್ತಿತ್ತು.

ಹಾಜಿ ಅಲುಗಲಿಲ್ಲ.

“ಧೂಳಾಗಿದ್ರೆ ಮೊದಲೇ ಉಜ್ಜಿದ್ಯಲ್ಲ,” ಎಂದ ಮೆಲ್ಲಗೆ. “ಉಜ್ಜಿದ ಮೇಲೂ ಎಂಟೇ ಬಂತು. ಆಮೇಲೆ ನೀನೊಂದು ಪುಟ ತೆಗೆದೆ. ನೋಡಿದೆ. ನಿನ್ನ ಮುಖದಲ್ಲಿ ರಕ್ತ ಇಳೀತು. ನಾನು ಪಕ್ಕದಲ್ಲೇ ಕೂತಿದೀನಿ ಮಗ. ನಲವತ್ತು ವರ್ಷ ಪೇಟೇಲಿ ಅಕ್ಕಿ ಮಾರಿದೋನು, ಎದುರಿಗಿರೋನು ಯಾವಾಗ ಮುಚ್ಚಿಡ್ತಾನೆ ಅಂತ ನನಗೆ ಗೊತ್ತಾಗತ್ತೆ. ಏನಿದೆ ಅಲ್ಲಿ?”

“ಏನೂ ಇಲ್ಲ ಹಾಜಿ. ಬಿಟ್ಟುಬಿಡಿ.”

“ಅಬ್ಬಾಸನ ಮೇಲೆ ಆಣೆಯಿಟ್ಟು ಹೇಳು, ಏನೂ ಇಲ್ಲ ಅಂತ.”

ಯಾರ ಮೇಲಾದರೂ ಸುಳ್ಳಾಣೆ ಇಟ್ಟಾರು, ಸುಳ್ಳನ್ನು ಸಹಿಸದ ಹುತಾತ್ಮ ಅಬ್ಬಾಸನ ಮೇಲೆ ಇಡುವ ಗಂಡಸು ಇರಾಕಿನಲ್ಲಿ ಹುಟ್ಟಿಲ್ಲ. ಇಟ್ಟವನು ಮನೆ ಮುಟ್ಟುವುದಿಲ್ಲ ಎಂದು ಹೆತ್ತವರು ಹೇಳಿಯೇ ಬೆಳೆಸಿರುತ್ತಾರೆ.

“ಹಾಜಿ, ಬೇಡ.”

“ಹೇಳು.”

“ಇಲ್ಲೊಂದು ಗುರುತು ಇದೆ,” ಎಂದ ನೌಫಲ್ ನೆಲ ನೋಡುತ್ತ. “ಇಷ್ಟರ ಮೇಲೆ ಮೆಮೊರಿ ಮುಟ್ಟಬೇಡ ಅಂತ ಯಂತ್ರಕ್ಕೆ ಹೇಳೋ ಗುರುತು. ಅದನ್ನ ಸರ್ಮದ್ ಹಾಕಿದಾನೆ.”

ಬೆಂಕಿ ಬಿದ್ದ ಹಾಗಾಯಿತು. ವಿಸಾಮ್ ಮುನ್ನುಗ್ಗಿ ಬಂದ. “ಸತ್ತವನ ಮೇಲೆ ಹೊರಿಸ್ತೀಯೇನೋ! ಬಂದು ಇಲ್ಲ ಅನ್ನೋಕೆ ಅವನಿಗೆ ಬಾಯಿಲ್ಲ ಅಂತಾನಾ?” ಹಾಜಿಯ ಕಡೆಯವರು ಅರ್ಧ ಜನ ಎದ್ದರು. ನೌಫಲನ ಕಡೆಯವರೂ ಎದ್ದರು. ಸಯ್ಯದ್ ನೂರಿಯ ಮಾತು ಯಾರಿಗೂ ಕೇಳಿಸಲಿಲ್ಲ.

“ಕೂತ್ಕೊಳ್ಳಿ,” ಎಂದ ಹಾಜಿ. ದನಿ ಏರಿಸಿರಲಿಲ್ಲ. ಎಲ್ಲರೂ ಕೂತರು, ವಿಸಾಮ್ ಒಬ್ಬನನ್ನು ಬಿಟ್ಟು. “ನೀನೂ ಕೂತ್ಕೋ. ಅವನು ಅಬ್ಬಾಸನ ಹೆಸರು ಕೇಳಿದ ಮೇಲೆ ಬಾಯಿ ಬಿಟ್ಟಿದಾನೆ.” ಆಮೇಲೆ ನೌಫಲನ ಕಡೆ ತಿರುಗಿದ. “ಯಾಕೆ ಹಾಕಿದ? ನನಗೆ ಅರ್ಥ ಆಗೋ ಹಾಗೆ ಹೇಳು.”

ನೌಫಲ್ ಹೇಳಿದ.

“ನಕ್ಷೆ ದೊಡ್ಡದಾಗ್ತಾ ಹೋಯ್ತು ಹಾಜಿ. ಯಂತ್ರ ಎಳೀಲಾರದೆ ಹೋಯ್ತು. ಹೊಸ ಮೆಮೊರಿಗೆ ಹಬ್ಬದ ತನಕ ಕಾಯ್ಬೇಕಿತ್ತು. ಅಷ್ಟರಲ್ಲಿ ಏನಾದ್ರೂ ಮಾಡಿ ಓಡಿಸೋಣ ಅಂತ ಈ ಗುರುತು ಹಾಕಿದಾನೆ. ಇರೋದನ್ನೆಲ್ಲ ಕೊಡು ಅಂತ ಹೇಳ್ದೆ ಅನ್ಕೊಂಡ. ಅವತ್ತು ಇದ್ದಿದ್ದು ಎಂಟೇ. ಯಂತ್ರ ಅದನ್ನ ಬೇರೆ ಥರ ತಗೊಂಡಿತು, ಎಂಟಕ್ಕೇ ನಿಲ್ಲು ಅಂತ. ಎಲ್ಲ ಹುಡುಗ್ರೂ ಮಾಡ್ತಾರೆ. ನಾನೂ ಓದೋವಾಗ ಮಾಡಿದೀನಿ. ಆಮೇಲೆ ನಾನು ಇನ್ನೆಂಟು ಹಾಕ್ದೆ. ಅದು ಒಳಗಿದೆ, ಯಂತ್ರಕ್ಕೆ ಕಾಣ್ತಾನೂ ಇದೆ. ಆದ್ರೆ ಸರ್ಮದ್ ಎಂಟು ಅಂದಿದಾನಲ್ಲ. ಅದಕ್ಕೇ ಮುಟ್ಟಲ್ಲ.”

“ಅಂದ್ರೆ ಇನ್ನೂ ಅವನ ಮಾತೇ ಕೇಳ್ತಿದೆ ಅಂತೀಯಾ?”

“ಹೌದು ಹಾಜಿ. ಇನ್ನೂ ಅವನ ಮಾತೇ.”

ಹಾಜಿ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿದು ಬಿಳಿಯ ಗಡ್ಡ ಸೇರಿತು. ಇಷ್ಟು ದಿನ ಯಾರ ಮುಂದೆಯೂ ಅತ್ತವನಲ್ಲ ಎಂದು ಆ ಕಡೆಯವರು ಆಮೇಲೆ ಹೇಳುತ್ತಿದ್ದರು. ಒರೆಸಿಕೊಳ್ಳಲೂ ಇಲ್ಲ. ಅತ್ತು ಮುಗಿಸಿ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ:

“ಸಯ್ಯದರೇ, ತಪ್ಪು ನಮ್ಮ ಮನೇದು. ಇವನು ಕದ್ದಿಲ್ಲ. ಒಳಗೆ ನೋಡಬೇಡ ಅಂದೋನು ನಾನು. ಗುರುತು ಹಾಕಿದೋನು ನನ್ನ ಮಗ. ನನ್ನ ಮಗನ ಹೆಸರು ಉಳಿಸೋಕೆ ಇವನು ತನ್ನ ಹೆಸರಿಗೆ ಧೂಳು ಬಳ್ಕೊಳ್ಳೋಕೆ ಹೊರಟಿದ್ದ. ಹಕ್ಕು ಇವನದು. ದಂಡ ನಾವು ಕೊಡ್ಬೇಕು. ವಿಸಾಮ್, ಆ ಷಟರಿನ ಮೇಲೆ ನೀನೇ ಬರೆದಿದ್ದು ಅಂತ ನನಗೆ ಗೊತ್ತು, ನಾಳೆ ಅಂಗಡಿ ಬೀದಿ ಪೂರ್ತಿ ನೋಡೋ ಹೊತ್ತಲ್ಲಿ ನೀನೇ ತೊಳೀತೀಯ.”

ತುಅಮಾ ತಕ್ಷಣ ಎದ್ದು, ದಂಡ ಬೇಡ, ಸರ್ಮದನ ಆತ್ಮದ ಹೆಸರಲ್ಲಿ ಬಿಟ್ಟುಕೊಟ್ಟೆವು ಎಂದ. ಎರಡೂ ಕಡೆಯವರು ಎದೆಗೆ ಕೈಯಿಟ್ಟುಕೊಂಡರು. ನೌಫಲನ ಮೈಯಿಂದ ಮಣಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಅವನು ಪರದೆಯ ಮೇಲಿನ ಆ ಚಿಕ್ಕ ಗುರುತನ್ನೇ ನೋಡುತ್ತಿದ್ದ.

“ಅದನ್ನ ತೆಗೆದ್ರೆ?” ಎಂದು ಹಾಜಿ ಕೇಳಿದ.

“ಹದಿನಾರೂ ಸಿಗತ್ತೆ. ನಕ್ಷೆ ತೆರೀಬಹುದು.”

“ತೆಗೆದ ಮೇಲೆ ಅವನು ಹೇಳಿದ್ದು ಏನೂ ಉಳಿಯಲ್ಲ.”

“ಈ ಒಂದು ಮಾತು ಉಳಿಯಲ್ಲ ಹಾಜಿ. ನೀವು ಬೇಡ ಅಂದ್ರೆ ನಾನು ಮುಟ್ಟಲ್ಲ. ಹೀಗೇ ಬಿಟ್ಟು ಹೋಗ್ತೀನಿ.”

ಹಾಜಿ ಪರದೆಯ ಹತ್ತಿರಕ್ಕೆ ಸರಿದ. ಮಗ ಕೊನೆಗೆ ಕೊಟ್ಟ ಅಪ್ಪಣೆಯೊಂದು ಇನ್ನೂ ಜಾರಿಯಲ್ಲಿದೆ. ಅದನ್ನು ಹಾಗೇ ಕಾಪಾಡಿಕೊಂಡರೆ ಅವನು ಮಾಡಿದ್ದನ್ನು ನೋಡುವ ಹಾಗಿಲ್ಲ, ನೋಡಬೇಕೆಂದರೆ ಅವನ ಮಾತನ್ನು ತನ್ನ ಕೈಯಾರೆ ಅಳಿಸಬೇಕು. ಯಾವ ಅಪ್ಪನಿಗೂ ಇಂಥ ಫಜೀತಿ ಬರಬಾರದು. ಸಭೆಯಲ್ಲಿ ಯಾರೂ ಅವಸರ ಮಾಡಲಿಲ್ಲ.

“ಎಲ್ಲಿ ಒತ್ಬೇಕು?” ಎಂದ ಕೊನೆಗೆ.

ನೌಫಲ್ ಬಾಣದ ಗುರುತನ್ನು ಚೌಕದ ಮೇಲೆ ತಂದು ನಿಲ್ಲಿಸಿ, ಮೌಸಿನಿಂದ ಕೈ ತೆಗೆದ. ಹಾಜಿ ತನ್ನ ದಪ್ಪ ಬೆರಳನ್ನು ಅದರ ಮೇಲಿಟ್ಟ. “ಕ್ಷಮಿಸು ಕಂದ,” ಎಂದು ಒತ್ತಿದ. ಗುರುತು ಹೋಯಿತು. ಒಂದು ‘ಟಕ್’ ಅಷ್ಟೇ ಶಬ್ದ.

ಯಂತ್ರ ಆರಿ ಮತ್ತೆ ಎದ್ದಿತು. ಹಾಜಿ ಮತ್ತೆ ಬೆನ್ನು ಮರೆ ಮಾಡಿ ಗುಪ್ತಪದ ಒತ್ತಿದ. ಹದಿನಾರಕ್ಕೆ ಹದಿನಾರೂ ಸಿಕ್ಕಿತ್ತು. ನಕ್ಷೆಯ ಹೆಸರಿನ ಮೇಲೆ ಒತ್ತಿದ ಮೇಲೆ ಪರದೆ ಬೆಳ್ಳಗೆ ನಿಂತಿತು. ನಿಂತೇ ಇತ್ತು. ಸರ್ಕಾರಿ ಕರೆಂಟು ಈಗ ಹೋಗದಿರಲಪ್ಪ ಎಂದು ಎರಡೂ ಕುಲದವರು ಬಾಯಲ್ಲಿ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು. ನಿಧಾನವಾಗಿ ಗೆರೆಗಳು ಮೂಡಿದವು, ಗೋಡೆಗಳು ಎದ್ದವು, ಮೇಲೆ ಅಗಲವಾದ ನೆರಳಿನ ಚಾವಣಿ ಹರಡಿಕೊಂಡಿತು.

ಮಸೀದಿಯಿರಬೇಕು ಎಂದು ಹಾಜಿ ಇಷ್ಟು ದಿನ ಅಂದುಕೊಂಡಿದ್ದ. ಇಲ್ಲವೇ ತಮಗೊಂದು ಮನೆ. ಮುಂದಕ್ಕೆ ಬಗ್ಗಿದ.

“ಏನಪ್ಪ ಇದು?”

ನೌಫಲ್ ನಕ್ಷೆಯನ್ನು ಅತ್ತ ಇತ್ತ ತಿರುಗಿಸಿದ. ಟಿಕೆಟ್ಟಿನ ಕಿಂಡಿ, ನೀರಿನ ನಲ್ಲಿ, ಕಕ್ಕಸು, ಉದ್ದುದ್ದ ಬೆಂಚುಗಳು.

“ಬಸ್ ನಿಲ್ದಾಣ ಹಾಜಿ.”

“ಬಸ್ ನಿಲ್ದಾಣನಾ?”

“ಹೌದು.”

ಅಪ್ಪನ ಬಗ್ಗೆ ಅಲ್ಲಿ ಏನೂ ಇರಲಿಲ್ಲ. ಅಮ್ಮನ ಬಗ್ಗೆಯೂ ಇಲ್ಲ. ಪರೀಕ್ಷೆಗೆಂದು ಒಬ್ಬ ಹುಡುಗ ಮನಸ್ಸಿಟ್ಟು ಮಾಡಿದ ಕೆಲಸ ಅದು. ಬೆಂಚುಗಳ ಮೇಲೆ ಅವನು ಜನರನ್ನು ಕೂರಿಸಿದ್ದ: ಕಪ್ಪು ಹೊದಿಕೆಯ ಹೆಂಗಸು, ಗಂಟು ಹಿಡಿದ ಮುದುಕ, ಕಾಲು ಚಾಚಿದ ಸಿಪಾಯಿ. ಎಲ್ಲರೂ ನೆರಳಿನಲ್ಲಿದ್ದರು. ಬಿಸಿಲು ಯಾರ ಮೇಲೂ ಬೀಳದ ಹಾಗೆ ಅವನು ಚಾವಣಿಯನ್ನು ಇಳಿಸಿದ್ದ. ಹಾಜಿ ಒಬ್ಬೊಬ್ಬರನ್ನೇ ನೋಡಿದ.

“ಬಸ್ಸೆಲ್ಲಿ?”

ನೌಫಲ್ ಹುಡುಕಿದ. ಬಸ್ಸು ನಿಲ್ಲುವ ಜಾಗಗಳಿಗೆ ಹಳದಿ ಗೆರೆ ಹಾಕಿತ್ತು. ಒಳಗೆ ಖಾಲಿ.

“ಇನ್ನೂ ಹಾಕಿಲ್ಲ ಹಾಜಿ. ಅಷ್ಟರಲ್ಲಿ...”

“ಹಾಗಾದ್ರೆ ಇವರೆಲ್ಲ ಕಾಯ್ತಾನೇ ಇರ್ತಾರೆ.”

ವಿಸಾಮ್ ಈಗ ಬಾಲ ಮುದುರಿಕೊಂಡವನು, ಹತ್ತಿರ ಬಂದು, “ಚಿಕ್ಕಪ್ಪ, ನೋಡಿದ್ರಲ್ಲ, ಆರಿಸಿಬಿಡ್ಲಾ?” ಎಂದ.

“ಮುಟ್ಬೇಡ,” ಎಂದ ಹಾಜಿ. “ಇವರ ಜೊತೆ ಸ್ವಲ್ಪ ಹೊತ್ತು ನಾನೂ ಕೂತಿರ್ತೀನಿ.”

ಕಾಲು ಮಡಚಿ, ಪರದೆಗೆ ಎದುರಾಗಿ, ಬೆಂಚಿನ ಮೇಲಿದ್ದ ಮುದುಕನ ಪಕ್ಕದಲ್ಲೇ ಜಾಗ ಹಿಡಿದವನಂತೆ ಕೂತ. ಒಳಗಿನಿಂದ ಅನ್ನ, ಮಾಂಸದ ದೊಡ್ಡ ತಟ್ಟೆಗಳು ಬಂದವು. ಆವಿಯಾಡುತ್ತಿದ್ದ ಅನ್ನ ಹಾಗೇ ಆರತೊಡಗಿತು. ಎರಡು ಕುಲದ ಅಷ್ಟೂ ಗಂಡಸರು ಕೈ ಹಾಕದೆ ಹಾಜಿಯ ಹಿಂದೆ ಕಾಯುತ್ತ ಕೂತರು.